ಮೇಷ್ಟ್ರ ದತ್ತಿಪತ್ರ

ಮೈಸೂರಿನ ಕೋರ್ಟಿನಿಂದ ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನಕ್ಕೆ ನಡೆದೇ ಹೋಗಬಹುದು. ವಕೀಲಿಕೆಯ ನಲವತ್ತು ವರ್ಷವೂ ನಾನು ಆ ದಾರಿ ತುಳಿದಿದ್ದೇನೆ, ಫೀಸು ಮುಟ್ಟದೆ. ಹೋಗುತ್ತಿದ್ದದ್ದು ದೊಡ್ಡ ಮೊಕದ್ದಮೆಗಳಿಗಲ್ಲ. ಪದಕ, ವಿದ್ಯಾರ್ಥಿವೇತನಗಳ ದತ್ತಿಪತ್ರ ಬರೆದುಕೊಡಲು. 1916ರ ಜುಲೈ 27ರಂದು ಶುರುವಾದ ಈ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ನ್ಯಾಯಾಧೀಶರಾಗಿದ್ದವರು ಎಂದು ನನ್ನ ಸೀನಿಯರ್ ಆಗಾಗ ನೆನಪಿಸುತ್ತಿದ್ದರು. ಓದಿಸಿದ ಸಂಸ್ಥೆಗೆ ದುಡಿಯುವುದು ನನ್ನ ಸೀನಿಯರ್ ಲೆಕ್ಕದಲ್ಲಿ ಉಪಕಾರವಲ್ಲ, ಮನೆಗೆಲಸ.

ಆ ಕೆಲಸವನ್ನು ನನಗೆ ಸರಿಯಾಗಿ ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು.

1985ರಲ್ಲಿ ಗುಂಡ್ಲುಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು 25,000 ರೂಪಾಯಿ ತಂದರು. ತೀರಿಹೋದ ಮಗಳ ಹೆಸರಿನಲ್ಲಿ, ಕನ್ನಡ ಎಂ.ಎ.ಯಲ್ಲಿ ಹೆಚ್ಚು ಅಂಕ ಪಡೆದ ತಮ್ಮ ಸೀಮೆಯ ಹುಡುಗಿಗೆ ಪ್ರತಿವರ್ಷ ಚಿನ್ನದ ಪದಕ ಕೊಡಬೇಕು ಎಂಬುದು ಅವರ ಆಸೆ. 'ನಮ್ಮ ಸೀಮೆ' ಎಂಬ ಮಾತು ಕಾಗದದ ಮೇಲೆ ನಿಲ್ಲುವುದಿಲ್ಲವೆಂದು ನಾನು 'ಮೈಸೂರು ಜಿಲ್ಲೆಯ ವಿದ್ಯಾರ್ಥಿನಿ' ಎಂದು ಬರೆದೆ. '10 ಗ್ರಾಂ ಚಿನ್ನ' ಎಂದೂ ಸೇರಿಸಿದೆ. ಆಗ ಅಷ್ಟು ಚಿನ್ನಕ್ಕೆ ಎರಡು ಸಾವಿರದ ಆಸುಪಾಸು, ಬಡ್ಡಿ ಸಾಕಾಗುತ್ತಿತ್ತು. ಪತ್ರ ಬಿಗಿಯಾಗಿದೆ ಎಂದು ಹೆಮ್ಮೆಪಟ್ಟೆ.

1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಗುಂಡ್ಲುಪೇಟೆ ಅದರೊಳಗೆ ಸೇರಿತು. ಎರಡು ವರ್ಷ ಕಳೆದು, ಮೇಷ್ಟ್ರ ಪಕ್ಕದ ಹಳ್ಳಿಯ ಹುಡುಗಿಯೇ ಹೆಚ್ಚು ಅಂಕ ತೆಗೆದಳು. ಪದಕ ಅವಳಿಗೆ ಬರಲಿಲ್ಲ. ಪತ್ರದಲ್ಲಿದ್ದದ್ದನ್ನು ಇದ್ದ ಹಾಗೆ ಓದಿದವರದು ತಪ್ಪಲ್ಲ, ಹಾಗೆ ಬರೆದವನದು.

"ನಮ್ಮೂರ ಮಗೂಗೇ ಇಲ್ಲವಂತಲ್ಲಪ್ಪಾ" ಎಂದರು ಮೇಷ್ಟ್ರು. ಪತ್ರ ಬರೆದ ದಿನದ ಮೈಸೂರು ಜಿಲ್ಲೆಯೆಂದೇ ಅರ್ಥಮಾಡಬೇಕೆಂದು ವಾದಿಸಲು ನಾನು ಎದ್ದುನಿಂತೆ. ಆದರೆ ಅಷ್ಟರಲ್ಲಿ ಇನ್ನೊಬ್ಬ ಹುಡುಗಿಯ ಹೆಸರು ಪ್ರಕಟವಾಗಿತ್ತು. "ಬೇಡ, ಆ ಮಗು ಕೈಯಿಂದ ಕಿತ್ಕೋಬೇಡಿ" ಎಂದು ಅವರೇ ತಡೆದರು. ಅಂಥ ದೊಡ್ಡ ಮನಸ್ಸಿನ ಎದುರು ನನ್ನ ಕಾನೂನೆಲ್ಲ ಸಣ್ಣದಾಗಿ ಕಂಡಿತು.

ಒಮ್ಮೆ ಕೊಟ್ಟ ದತ್ತಿಯ ಷರತ್ತನ್ನು ದಾನಿಯೂ ತನ್ನಿಷ್ಟಕ್ಕೆ ಬದಲಿಸುವಂತಿಲ್ಲ, ಆ ಅಧಿಕಾರ ಉಳಿಸಿಕೊಂಡಿರದಿದ್ದರೆ. ಮೇಷ್ಟ್ರ ಪತ್ರದಲ್ಲಿ ನಾನು ಅದನ್ನು ಉಳಿಸಿರಲಿಲ್ಲ. ಕೊನೆಗೆ ನಾನೂ ಇನ್ನೊಬ್ಬ ಹಳೆಯ ವಿದ್ಯಾರ್ಥಿಯೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯದ ಅನುಮತಿ ಪಡೆದು ದಾವೆ ಹಾಕಿದೆವು. ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಹಾಗೆ ಕೇಳಬಹುದು. ದಾನಿಯ ಆಶಯಕ್ಕೆ ಅತಿ ಹತ್ತಿರವಾದ ರೀತಿಯಲ್ಲಿ ಷರತ್ತು ತಿದ್ದಲು ಕೋರ್ಟಿಗೆ ಅಧಿಕಾರವಿದೆ. ಕೋರ್ಟಿನ ಆದೇಶದಿಂದ ಎರಡೂ ಜಿಲ್ಲೆಗಳು ಷರತ್ತಿನೊಳಗೆ ಸೇರಿದವು. ಚಿನ್ನದ ತೂಕವನ್ನೂ ತೆಗೆಸಿ 'ಆ ವರ್ಷದ ಬಡ್ಡಿಗೆ ತಕ್ಕ ಬಹುಮಾನ' ಎಂದು ಮಾಡಿಸಿದೆ. ಅದೂ ಬೇಕಾಗಿತ್ತು: 2010ರ ಹೊತ್ತಿಗೆ ಅದೇ ಬಡ್ಡಿಗೆ ಸಿಗುತ್ತಿದ್ದದ್ದು ಒಂದು ಗ್ರಾಮಿನ ಆಸುಪಾಸು ಮಾತ್ರ.

ಅಂದಿನಿಂದ ದತ್ತಿ ಕೊಡಲು ಬಂದವರಿಗೆ ಮೊದಲು ಚಹಾ ಕೊಟ್ಟು ಕೂರಿಸುತ್ತೇನೆ. ಯಾರಿಗಾಗಿ, ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿ, ಅವರ ಮಾತಿನಲ್ಲೇ ಪತ್ರದ ಮೊದಲ ಪ್ಯಾರಾ ಬರೆಯುತ್ತೇನೆ. ಊರಿನ ಎಲ್ಲೆ, ಕೋರ್ಸಿನ ಹೆಸರು, ಹಣದ ಬೆಲೆ ಬದಲಾದರೆ ತಿದ್ದುವವರು ಯಾರು ಎಂಬುದನ್ನೂ ಕಾಣಿಸುತ್ತೇನೆ. ನಿವೃತ್ತನಾದ ಮೇಲೂ ಇದೊಂದು ಕೆಲಸ ಬಿಟ್ಟಿಲ್ಲ.

ಆದೇಶದ ಪ್ರತಿ ಹಿಡಿದು ಮೇಷ್ಟ್ರ ಮನೆಗೆ ಹೋದಾಗ ಅವರು ಎರಡು ಸಲ ಓದಿ, ಮಗಳ ಫೋಟೋ ಕೆಳಗೆ ಇಟ್ಟರು. ಆಮೇಲೆ ಪಕ್ಕದ ಹಳ್ಳಿಯ ಆ ಹುಡುಗಿಯ ಬಗ್ಗೆ ಕೇಳಿದೆ. ಮದುವೆಯಾಗಿ ಊರು ಬಿಟ್ಟಿದ್ದಳು.