ಬಲ್ಬ್ ಕೊಳ್ಳುವ ಮೊದಲು ಪಾಯಿಂಟ್ ಎಣಿಸಿ

ಹೊಸ ಮನೆಗೆ ಈಗ ಎಲ್ಲರೂ ಹಾಕಿಸುವುದು ಎಲ್‌ಇಡಿ ದೀಪವನ್ನೇ. ಅಷ್ಟಾದರೆ ಕರೆಂಟ್ ಬಿಲ್ ತಾನಾಗಿಯೇ ಇಳಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತುಮಕೂರಿನಲ್ಲಿ ನಾವು ಮನೆ ಕಟ್ಟಿಸುವಾಗ ಕೂತು ಲೆಕ್ಕ ಹಾಕಿದೆ. ದೀಪಗಳ ಸಂಖ್ಯೆಯೇ ಉಳಿತಾಯವನ್ನು ತಿಂದುಹಾಕುತ್ತದೆ.

ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿ 12 ವ್ಯಾಟ್‌ನ ಹತ್ತು ಡೌನ್‌ಲೈಟ್ ಕೂರಿಸೋಣ ಎಂದು ಎಲೆಕ್ಟ್ರಿಷಿಯನ್ ಪಟ್ಟಿ ಕೊಟ್ಟರು. ಒಟ್ಟು 120 ವ್ಯಾಟ್. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 18 ಯೂನಿಟ್. ಹಳೇ ಚೋಕಿನ ಟ್ಯೂಬ್‌ಲೈಟ್ ಒಂದಕ್ಕೆ ಹೆಚ್ಚುಕಡಿಮೆ 50 ವ್ಯಾಟ್ ಹಿಡಿದರೂ ಅಂಥ ಎರಡು ಟ್ಯೂಬಿಗಿಂತ ಇದೇ ಜಾಸ್ತಿ! ನಾವು 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್ ಹಾಕಿಸಿದೆವು. ತಿಂಗಳಿಗೆ 6 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದುಕೊಂಡರೆ ಒಂದೇ ಕೋಣೆಯಲ್ಲಿ ವರ್ಷಕ್ಕೆ 860 ರೂಪಾಯಿ ಉಳಿತು, ಸೀಲಿಂಗ್ ಖರ್ಚು ಬೇರೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎನ್ನಬಹುದು. ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಲ್ಯೂಮೆನ್ ಓದಿ. ವ್ಯಾಟ್ ಹೇಳುವುದು ಕರೆಂಟ್ ಎಷ್ಟು ಖರ್ಚಾಗುತ್ತದೆ ಎಂದು, ಲ್ಯೂಮೆನ್ ಹೇಳುವುದು ಬೆಳಕು ಎಷ್ಟು ಸಿಗುತ್ತದೆ ಎಂದು. ಒಳ್ಳೆಯ 9 ವ್ಯಾಟ್ ಬಲ್ಬ್ 900 ಲ್ಯೂಮೆನ್ ಕೊಡುತ್ತದೆ. ಹಳೇ 60 ವ್ಯಾಟ್ ಬಲ್ಬ್ ಕೊಡುತ್ತಿದ್ದುದು ಸುಮಾರು 800. ಸ್ಟಾರ್ ಗುರುತನ್ನೂ ನೋಡಿ. ಬಿಲ್ ಮೇಲೆ ತಾರೀಖು ಹಾಕಿಸಿಕೊಳ್ಳಿ, ವಾರಂಟಿಗೆ ಬೇಕಾಗುತ್ತದೆ.

ರಾತ್ರಿಯಿಡೀ ಉರಿಯುವ ಝೀರೋ ಬಲ್ಬನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಸರು ಝೀರೋ ಆದರೂ ಹಳೆಯವು 15 ವ್ಯಾಟ್‌ವರೆಗೆ ಎಳೆಯುತ್ತವೆ. ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಅರ್ಧ ವ್ಯಾಟ್‌ನ ಎಲ್‌ಇಡಿ ರಾತ್ರಿದೀಪಕ್ಕೆ ಕಾಲು ಯೂನಿಟ್ಟೂ ಬೇಡ.

ಅಡುಗೆಮನೆಯಲ್ಲಿ ಮಾತ್ರ ನಾನು ಕೈ ಬಿಗಿಹಿಡಿಯಲಿಲ್ಲ. ದೀಪ ಬೆನ್ನ ಹಿಂದಿದ್ದರೆ ತರಕಾರಿ ಹೆಚ್ಚುವಾಗ ನಮ್ಮ ನೆರಳೇ ಕಟ್ಟೆಯ ಮೇಲೆ ಬೀಳುತ್ತದೆ, ಬೇಳೆಯಲ್ಲಿನ ಕಲ್ಲು ಕಾಣುವುದಿಲ್ಲ. ಕಟ್ಟೆಯ ಮೇಲ್ಗಡೆಯೇ ಒಂದು ಪಾಯಿಂಟ್ ಹಾಕಿಸಿ, ಅದಕ್ಕೆ ಬೇರೆ ಸ್ವಿಚ್ ಕೊಡಿಸಿದೆ. ಬೇಕಾದಾಗ ಅದೊಂದೇ ಉರಿಯುತ್ತದೆ. ಮೆಟ್ಟಿಲಿಗೆ ಟೂ-ವೇ ಸ್ವಿಚ್ ಇರಲೇಬೇಕು. ಕೆಳಗೆ ಹಾಕಿದ್ದನ್ನು ಮೇಲೆ ಹೋಗಿ ಆರಿಸುವಂತಿರದಿದ್ದರೆ ಮನೆಮಂದಿ ಆರಿಸುವುದೇ ಇಲ್ಲ.

ಗೋಡೆಗೆ ಪ್ಲಾಸ್ಟರಿಂಗ್ ಆದಮೇಲೆ ಪಾಯಿಂಟ್ ಬದಲಿಸಬೇಕಾದರೆ ಗೋಡೆ ಒಡೆಯಬೇಕು. ಅದಕ್ಕೂ ಮುಂಚೆ ಎಲೆಕ್ಟ್ರಿಷಿಯನ್ ಪಟ್ಟಿ ಇಟ್ಟುಕೊಂಡು ಮನೆಯವರೆಲ್ಲ ಕೂತು ಒಂದೊಂದು ಪಾಯಿಂಟೂ ಯಾಕೆ ಬೇಕು ಎಂದು ಕೇಳಿ.