ಅಂಗನವಾಡಿ ಸಹಾಯಕಿಯ ಹುದ್ದೆ: ಮುಂಬಯಿಯ ಕನ್ನಡ ಮಹಿಳೆಯರು ಅರ್ಜಿ ಸಲ್ಲಿಸುವ ಮುನ್ನ

ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯನ್ನು ಭಾರತ ಸರ್ಕಾರವು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಅವುಗಳಲ್ಲಿ ಬಹುಪಾಲು ಗ್ರಾಮೀಣ ಹಾಗೂ ಬುಡಕಟ್ಟು ಪ್ರದೇಶಗಳಾಗಿದ್ದವು. ನಗರಗಳ ಕೊಳೆಗೇರಿಗಳಿಗಾಗಿ ಆರಿಸಿಕೊಂಡ ಬೆರಳೆಣಿಕೆಯ ಸ್ಥಳಗಳಲ್ಲಿ ಮುಂಬಯಿಯ ಧಾರಾವಿಯೂ ಒಂದು. ಇಂದು ಈ ಸೇವೆಗಳು ‘ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಹೆಸರು ಬದಲಾದರೂ ಯೋಜನೆಯ ಜೀವ ಇರುವುದು ಮೊದಲಿನಂತೆಯೇ ಇಬ್ಬರು ಮಹಿಳೆಯರಲ್ಲಿ. ಒಬ್ಬರು ಕಾರ್ಯಕರ್ತೆ, ಇನ್ನೊಬ್ಬರು ಸಹಾಯಕಿ. ಮಹಾರಾಷ್ಟ್ರದಲ್ಲಿ ಕಾರ್ಯಕರ್ತೆಗೆ ‘ಸೇವಿಕಾ’ ಎಂದೂ ಸಹಾಯಕಿಗೆ ‘ಮದತನೀಸ್’ ಎಂದೂ ಕರೆಯುತ್ತಾರೆ. ಜಾಹೀರಾತಿನಲ್ಲಿ ಈ ಎರಡನೆಯ ಪದವನ್ನು ಕಂಡು, ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಿದ ಕನ್ನಡ ಮಹಿಳೆಯರು ಇಲ್ಲದಿಲ್ಲ. ಈ ಲೇಖನವು ಮುಖ್ಯವಾಗಿ ಅವರನ್ನು ಉದ್ದೇಶಿಸಿದ್ದು.

ಅಂಗನವಾಡಿ ಎಂಬ ಕಲ್ಪನೆಗೂ ಮುಂಬಯಿ ಸೀಮೆಗೂ ಹಳೆಯ ನಂಟಿದೆ. 1892ರಲ್ಲಿ ಮುಂಬಯಿಯಲ್ಲಿ ಜನಿಸಿದ ತಾರಾಬಾಯಿ ಮೋಡಕ್ ಅವರು ಗಿಜುಭಾಯಿ ಬಧೇಕಾ ಅವರೊಡನೆ ಶಿಶುಶಿಕ್ಷಣದಲ್ಲಿ ಪಳಗಿದವರು. ಅವರು 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಡವರ ಮಕ್ಕಳಿಗಾಗಿ ಶಿಶುಶಾಲೆಯನ್ನು ತೆರೆದರು. ಆದರೆ ಹೊಲಗೂಲಿಯವರ ಮಕ್ಕಳು ಶಾಲೆಯ ಕಟ್ಟಡಕ್ಕೆ ಬರಲಿಲ್ಲ. ಆಗ ಶಾಲೆಯೇ ಆ ಮಕ್ಕಳ ಮನೆಯಂಗಳಕ್ಕೆ ಹೋಯಿತು. ಆಟಿಕೆಗಳೂ ಹಾಡುಗಳೂ ಶುಚಿತ್ವದ ಪಾಠವೂ ಅಂಗಳದಲ್ಲಿಯೇ ನಡೆದವು. ಈ ಪ್ರಯೋಗದಲ್ಲಿ ಅನುತಾಯಿ ವಾಘ್ ಅವರು ತಾರಾಬಾಯಿಯವರಿಗೆ ನೆರವಾದರು. ನಮ್ಮ ‘ಅಂಗಳ’ವೂ ಅವರ ‘ಅಂಗಣ’ವೂ ಒಂದೇ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಸಹಾಯಕಿಯ ಕೆಲಸವೆಂದರೆ ಗುಡಿಸುವುದು, ನೀರು ತುಂಬುವುದು, ಆಹಾರ ಬಡಿಸುವುದು ಎಂಬಷ್ಟೇ ಭಾವನೆ ಜನರಲ್ಲಿದೆ. ಇವೆಲ್ಲವೂ ಆಕೆಯ ಕರ್ತವ್ಯಗಳೇ ಹೌದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಿಸಿ ಆಹಾರವು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಹಕ್ಕಿನ ವಿಷಯವಾಗಿರುವುದರಿಂದ, ಬಡಿಸುವ ಕೆಲಸವನ್ನು ಹಗುರವೆಂದು ಎಣಿಸಲಾಗದು. ಆದರೆ ಬೆಳಿಗ್ಗೆ ಓಣಿಯಿಂದ ಓಣಿಗೆ ನಡೆದು ಮಕ್ಕಳನ್ನು ಕೇಂದ್ರಕ್ಕೆ ಕರೆತರುವವಳು ಸಹಾಯಕಿಯೇ. ಕಾರ್ಯಕರ್ತೆಯು ತೂಕ ನೋಡುವುದರಲ್ಲಿ, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ವಿವರ ತುಂಬುವುದರಲ್ಲಿ, ಗರ್ಭಿಣಿಯರ ಮನೆಭೇಟಿಯಲ್ಲಿ ತೊಡಗಿರುವಾಗ ಮಕ್ಕಳನ್ನು ಆಡಿಸುವವಳು, ಹಾಡಿಸುವವಳು, ಅತ್ತವರನ್ನು ಸಮಾಧಾನಪಡಿಸುವವಳೂ ಆಕೆಯೇ. ಹುದ್ದೆಯ ಹೆಸರು ಏನೇ ಇರಲಿ, ಮಗುವಿನ ಪಾಲಿಗೆ ಆಕೆ ಎರಡನೆಯ ಶಿಕ್ಷಕಿ.

ಇಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಮುಂತಾದ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬಗಳು ಮುಂಬಯಿ ಹಾಗೂ ಉಪನಗರಗಳಲ್ಲಿ ನೆಲೆಸಿವೆ. ಅಂತಹ ಮನೆಯ ಮೂರು ವರ್ಷದ ಮಗು ಅಂಗನವಾಡಿಗೆ ಬರುವಾಗ ಅದಕ್ಕೆ ಗೊತ್ತಿರುವುದು ಕನ್ನಡವೊಂದೇ. ಸುತ್ತಲಿನವರು ಹಿಂದಿ ಅಥವಾ ಮರಾಠಿಯಲ್ಲಿ ಮಾತನಾಡುತ್ತಾರೆ. ನೀರು ಬೇಕೆಂದು ಹೇಳಲು ಬಾರದೆ, ಬಯಲಿಗೆ ಹೋಗಬೇಕೆಂದು ಕೇಳಲು ತಿಳಿಯದೆ ಮಗು ಮೂಲೆಯಲ್ಲಿ ಕುಳಿತುಬಿಡುತ್ತದೆ. ನೋಡುವವರು ಅದನ್ನು ಮಂದಮತಿಯೆಂದು ಬಗೆಯುತ್ತಾರೆ. ಕೆಲವು ದಿನಗಳಲ್ಲಿ ಮಗು ಬರುವುದನ್ನೇ ನಿಲ್ಲಿಸುತ್ತದೆ. ಅದರೊಡನೆ ಅದರ ಆಹಾರ, ತೂಕದ ದಾಖಲೆ, ಚುಚ್ಚುಮದ್ದಿನ ನೆನಪೋಲೆ ಎಲ್ಲವೂ ನಿಲ್ಲುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಳೆಯ ಮಕ್ಕಳ ಕಲಿಕೆಯಲ್ಲಿ ಮನೆಮಾತಿಗೆ ಪ್ರಾಶಸ್ತ್ಯ ನೀಡಿರುವುದು ಈ ಕಾರಣದಿಂದಲೇ.

ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ನೇಮಕಾತಿಯ ನಿಯಮದಲ್ಲಿಯೂ ಇದಕ್ಕೆ ಅವಕಾಶವಿದೆ. ಅಂಗನವಾಡಿಯೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮರಾಠಿಯಲ್ಲದ ಭಾಷೆಯನ್ನು ಆಡುವವರಾಗಿದ್ದರೆ, ಅಲ್ಲಿ ಆ ಭಾಷೆಯನ್ನು ಬಲ್ಲ ಅಭ್ಯರ್ಥಿ ಬೇಕೆಂದು ಮಹಾರಾಷ್ಟ್ರದ ಜಾಹೀರಾತುಗಳು ಹೇಳುತ್ತವೆ. ಹಾಗೆ ಹೆಸರಿಸುವ ಭಾಷೆಗಳ ಸಾಲಿನಲ್ಲಿ ಉರ್ದು, ಹಿಂದಿ, ತೆಲುಗುಗಳ ಜೊತೆಗೆ ಕನ್ನಡವೂ ಇದೆ. ಜೊತೆಗೆ ಮರಾಠಿಯ ಜ್ಞಾನವೂ ಅಗತ್ಯ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಓದಿದವರು ಮರಾಠಿಯನ್ನು ಒಂದು ವಿಷಯವಾಗಿ ಕಲಿತಿರುವುದರಿಂದ ಅವರಿಗೆ ಇದು ಕಷ್ಟವಲ್ಲ. ಕರ್ನಾಟಕದಲ್ಲಿ ಓದಿ ಮದುವೆಯ ನಂತರ ಮುಂಬಯಿಗೆ ಬಂದವರು ಮಾತ್ರ, ಮರಾಠಿಯ ಜ್ಞಾನವನ್ನು ಯಾವ ದಾಖಲೆಯಿಂದ ತೋರಿಸಬೇಕೆಂದು ಜಾಹೀರಾತು ಕೇಳುತ್ತದೆ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಮಾತನಾಡಲು ಬಂದರೆ ಸಾಕೆಂಬ ನಂಬಿಕೆಯಿಂದ ಅರ್ಜಿ ತಿರಸ್ಕೃತವಾದಾಗ ದೂರಿ ಪ್ರಯೋಜನವಿಲ್ಲ.

2023ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ ಸಹಾಯಕಿಗೂ ಕನಿಷ್ಠ ವಿದ್ಯಾರ್ಹತೆಯು 12ನೆಯ ತರಗತಿಯ ತೇರ್ಗಡೆ. ಕರ್ನಾಟಕದ ದ್ವಿತೀಯ ಪಿ.ಯು.ಸಿ. ಇದಕ್ಕೆ ಸಮನಾದುದು. ವಯಸ್ಸು 18ರಿಂದ 35ರೊಳಗೆ ಇರತಕ್ಕದ್ದು; ವಿಧವೆಯರಿಗೆ 40ರವರೆಗೆ ಸಡಿಲಿಕೆ ಇದೆ. ಅಭ್ಯರ್ಥಿಗೆ ಬದುಕಿರುವ ಮಕ್ಕಳು ಇಬ್ಬರಿಗಿಂತ ಹೆಚ್ಚು ಇರಬಾರದು. ಅಭ್ಯರ್ಥಿ ಸ್ಥಳೀಯ ನಿವಾಸಿಯಾಗಿರಬೇಕು. ಸ್ಥಳೀಯ ಎಂದರೆ ಎಷ್ಟು ಎಲ್ಲೆ ಎಂಬುದನ್ನು ಜಾಹೀರಾತಿನಲ್ಲಿಯೇ ನೋಡಿಕೊಳ್ಳಬೇಕು. ಇಡೀ ಮುಂಬಯಿಯೇ ಒಂದು ಊರು ಎಂದು ಭಾವಿಸಿ ಮಲಾಡಿನವರು ಚೆಂಬೂರಿನ ಕೇಂದ್ರಕ್ಕೆ ಅರ್ಜಿ ಹಾಕಿದರೆ ಶ್ರಮ ವ್ಯರ್ಥವಾಗಬಹುದು.

ಆಯ್ಕೆಯು ಮುಖ್ಯವಾಗಿ ದಾಖಲೆಗಳ ಆಧಾರದ ಮೇಲೆ ಸಿಗುವ ಅಂಕಗಳಿಂದ ನಡೆಯುತ್ತದೆ. ಪರೀಕ್ಷೆಯಲ್ಲಿ ಗಳಿಸಿದ ಶೇಕಡಾವಾರು ಅಂಕಗಳಿಗೆ ದೊಡ್ಡ ಪಾಲು. ವಿಧವೆಯರು, ಅನಾಥರು, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗಗಳವರು, ಅಂಗನವಾಡಿಯಲ್ಲಿ ಈ ಮೊದಲು ಕೆಲಸ ಮಾಡಿದವರು, ಇವರಿಗೆ ಹೆಚ್ಚುವರಿ ಅಂಕಗಳುಂಟು. ಎಂದರೆ ಅರ್ಜಿಯ ಜೊತೆಗಿಟ್ಟ ಕಾಗದಗಳೇ ಇಲ್ಲಿ ಅಭ್ಯರ್ಥಿಯ ಪರವಾಗಿ ಮಾತನಾಡಬೇಕು. ಆಕೆಯ ಒಳ್ಳೆಯತನವನ್ನಾಗಲೀ ಮಕ್ಕಳ ಮೇಲಿನ ಅಕ್ಕರೆಯನ್ನಾಗಲೀ ಅಳೆಯುವ ಅಂಕಣ ಅರ್ಜಿಯಲ್ಲಿಲ್ಲ. ಇದು ಸರಿಯೇ ಎಂಬುದು ಬೇರೆ ಚರ್ಚೆ. ಆದರೆ ಶಿಫಾರಸಿನ ಕಾಟ ತಪ್ಪಿಸಲು ಇದಕ್ಕಿಂತ ನೇರವಾದ ದಾರಿ ಸುಲಭವಾಗಿ ಸಿಗದು.

ಆದ್ದರಿಂದ ಕಾಗದಪತ್ರಗಳ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಲಬುರಗಿಯಲ್ಲಿ ಪಿ.ಯು.ಸಿ. ಮುಗಿಸಿ, ಮದುವೆಯಾಗಿ ಧಾರಾವಿಗೆ ಬಂದು ನೆಲೆಸಿದ ಮಹಿಳೆಯೊಬ್ಬಳು ಅರ್ಜಿ ಸಲ್ಲಿಸುತ್ತಾಳೆಂದು ಭಾವಿಸಿರಿ. ಆಕೆಯ ಅಂಕಪಟ್ಟಿಯಲ್ಲಿ ತವರಿನ ಹೆಸರು. ಆಧಾರ್ ಚೀಟಿಯಲ್ಲಿ ಗಂಡನ ಹೆಸರು ಕೂಡಿದ ಬೇರೆ ಹೆಸರು. ಪಡಿತರ ಚೀಟಿಯಲ್ಲಿ ಮನೆಯವರು ಕರೆಯುವ ಮೂರನೆಯ ಹೆಸರು. ಮೂರೂ ಒಬ್ಬಳದೇ ಎಂಬುದು ಓಣಿಗೆಲ್ಲ ಗೊತ್ತು. ಆದರೆ ಕಚೇರಿಯಲ್ಲಿ ಕಡತವನ್ನು ಪರಿಶೀಲಿಸುವವರಿಗೆ ಗೊತ್ತಾಗುವುದು ಹೇಗೆ? ವಿವಾಹ ನೋಂದಣಿ ಪತ್ರ, ಇಲ್ಲವೇ ಹೆಸರು ಬದಲಾವಣೆಯ ರಾಜಪತ್ರದ ಪ್ರಕಟಣೆ, ಇವುಗಳಲ್ಲೊಂದನ್ನು ಜೊತೆಗಿಟ್ಟರೆ ಸಂಶಯಕ್ಕೆ ಎಡೆಯಿರದು. ಈ ಕೆಲಸವನ್ನು ಜಾಹೀರಾತು ಬಂದ ಮೇಲೆ ಆರಂಭಿಸಿದರೆ ಕೊನೆಯ ದಿನಾಂಕ ಮೀರಿಹೋಗುತ್ತದೆ. ಅರ್ಜಿ ಹಾಕುವ ಆಲೋಚನೆ ಬಂದ ದಿನವೇ ಕೈಹಾಕುವುದು ಒಳಿತು. ಕನ್ನಡ ಲಿಪಿಯಲ್ಲಿ ಮಾತ್ರ ಇರುವ ಪ್ರಮಾಣಪತ್ರಗಳಿದ್ದರೆ ಅವುಗಳ ಅಧಿಕೃತ ಭಾಷಾಂತರವನ್ನೂ ಸಿದ್ಧಪಡಿಸಿಕೊಳ್ಳಬೇಕು.

ಜಾತಿ ಪ್ರಮಾಣಪತ್ರದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಕರ್ನಾಟಕದ ತಹಶೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೈಯಲ್ಲಿದೆ, ಅದೇ ಜಾತಿಯು ಮಹಾರಾಷ್ಟ್ರದ ಪಟ್ಟಿಯಲ್ಲಿಯೂ ಇದೆ. ಆದ್ದರಿಂದ ಹೆಚ್ಚುವರಿ ಅಂಕ ಸಿಕ್ಕೇ ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದವರು ಮೂಲ ರಾಜ್ಯದ ಪರಿಶಿಷ್ಟ ಸ್ಥಾನಮಾನದ ಬಲದಿಂದ ಹೊಸ ರಾಜ್ಯದ ಮೀಸಲಾತಿಯನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1990ರಲ್ಲಿಯೇ ತೀರ್ಪು ನೀಡಿದೆ. ಮದುವೆಯಿಂದಲೂ ಜಾತಿಯ ಸ್ಥಾನಮಾನ ಬದಲಾಗುವುದಿಲ್ಲ. ತಂದೆಯ ಕುಟುಂಬವು ಹಲವು ತಲೆಮಾರುಗಳಿಂದ ಮುಂಬಯಿಯಲ್ಲಿಯೇ ಇದ್ದರೆ ಸ್ಥಿತಿ ಬೇರೆ. ಅಂಥವರು ಹಳೆಯ ವಾಸದ ದಾಖಲೆಗಳೊಡನೆ ಮಹಾರಾಷ್ಟ್ರದ ಸಕ್ಷಮ ಅಧಿಕಾರಿಯಿಂದ ಪ್ರಮಾಣಪತ್ರವನ್ನು ಪಡೆಯಲು ಯತ್ನಿಸಬಹುದು. ಉಳಿದವರು ಸಾಮಾನ್ಯ ವರ್ಗದಲ್ಲಿ ಅರ್ಜಿ ಸಲ್ಲಿಸುವುದು ಮೇಲು. ಸಲ್ಲದ ಪ್ರಮಾಣಪತ್ರದ ಮೇಲೆ ಭರವಸೆಯಿಟ್ಟು ಪಟ್ಟಿಯಲ್ಲಿ ಕೆಳಗಿಳಿಯುವ ನೋವಾದರೂ ತಪ್ಪುತ್ತದೆ.

ಸಂಭಾವನೆಯ ಬಗ್ಗೆ ಭ್ರಮೆ ಇರಬಾರದು. ಇದು ವೇತನಶ್ರೇಣಿಯುಳ್ಳ ಸರ್ಕಾರಿ ನೌಕರಿಯಲ್ಲ, ಗೌರವಧನದ ಸೇವೆ. 2018ರ ಅಕ್ಟೋಬರಿನಿಂದ ಕೇಂದ್ರವು ನಿಗದಿಪಡಿಸಿದ ಮೊತ್ತವು ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ. ರಾಜ್ಯಗಳು ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ. ಮಹಾರಾಷ್ಟ್ರವು 2023ರ ಮುಂಗಡಪತ್ರದಲ್ಲಿ ಸಹಾಯಕಿಯ ಒಟ್ಟು ಗೌರವಧನವನ್ನು 4,425ರಿಂದ 5,500 ರೂಪಾಯಿಗೆ ಏರಿಸಿತು. 2024ರಲ್ಲಿ ಮತ್ತೆ ಹೆಚ್ಚಿಸಿತು. ಮುಂಬಯಿಯ ಬಾಡಿಗೆಯ ಮುಂದೆ ಇದು ಅಲ್ಪವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಈ ಹುದ್ದೆಗೆ ಮುಂದಿನ ಮೆಟ್ಟಿಲುಗಳಿವೆ. ಕೇಂದ್ರದ 2022ರ ಮಾರ್ಗಸೂಚಿಯಂತೆ ಕಾರ್ಯಕರ್ತೆಯರ ಖಾಲಿ ಸ್ಥಾನಗಳಲ್ಲಿ ಅರ್ಧವನ್ನು ಐದು ವರ್ಷ ಸೇವೆ ಸಲ್ಲಿಸಿದ ಅರ್ಹ ಸಹಾಯಕಿಯರಿಂದ ತುಂಬತಕ್ಕದ್ದು. ಮೇಲ್ವಿಚಾರಕಿಯರ ಸ್ಥಾನಗಳಲ್ಲಿಯೂ ಅರ್ಧ ಪಾಲು ಅನುಭವಿ ಕಾರ್ಯಕರ್ತೆಯರಿಗೆ. ಕಾರ್ಯಕರ್ತೆಯರೂ ಸಹಾಯಕಿಯರೂ 1972ರ ಕಾಯಿದೆಯ ಪ್ರಕಾರ ಉಪದಾನಕ್ಕೆ, ಅಂದರೆ ಗ್ರಾಚ್ಯುಟಿಗೆ, ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಸೇವೆಗೆ ಸೇರಿದ ದಿನಾಂಕದ ಆದೇಶಪತ್ರವನ್ನು ಜೋಪಾನವಾಗಿಡಬೇಕಾದುದು ಇದಕ್ಕಾಗಿಯೂ ಹೌದು.

ಜಾಹೀರಾತು ಬರುವವರೆಗೆ ಸುಮ್ಮನೆ ಕಾಯಬೇಕಾಗಿಲ್ಲ. 1995ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಪ್ರಥಮ್’ ಸಂಸ್ಥೆಯು ಕೊಳೆಗೇರಿಗಳಲ್ಲಿ ಬಾಲವಾಡಿಗಳನ್ನು ನಡೆಸಲು ಆಯಾ ಬಸ್ತಿಯ ಯುವತಿಯರನ್ನೇ ತರಬೇತುಗೊಳಿಸಿತು. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಮೀರಾ ಮಹಾದೇವನ್ ಅವರು 1969ರಲ್ಲಿ ದೆಹಲಿಯಲ್ಲಿ ಆರಂಭಿಸಿದ ಸಂಚಾರಿ ಶಿಶುಪಾಲನಾ ಕೇಂದ್ರಗಳು 1972ರಲ್ಲಿ ಮುಂಬಯಿಗೂ ಬಂದವು. ಇಂತಹ ಕೇಂದ್ರಗಳಲ್ಲಿ ಮಕ್ಕಳೊಡನೆ ಕಳೆದ ದಿನಗಳಿಂದ ಅಂಕಪಟ್ಟಿಗೆ ಬಾರದ ಕಲಿಕೆಯೊಂದು ಒದಗುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 12ನೆಯ ತರಗತಿ ಮುಗಿಸಿದವರಿಗಾಗಿ ಶಿಶುಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ನಡೆಸುತ್ತದೆ. ಖಾಸಗಿ ಶಿಶುವಿಹಾರಗಳಲ್ಲಿ ಸಹಾಯಕ ಶಿಕ್ಷಕಿಯಾಗಬಯಸುವವರಿಗೆ ಇದು ಉಪಯುಕ್ತ. ಖಾಸಗಿ ಶಾಲೆಯ ಕೆಲಸಕ್ಕೆ ಪೊಲೀಸ್ ಪರಿಶೀಲನೆಯ ಪತ್ರವನ್ನು ಕೇಳಿದರೆ ಅಪಮಾನವೆಂದು ತಿಳಿಯಬಾರದು. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರ್ಕಾರವು ಶಾಲಾ ಸಿಬ್ಬಂದಿಗೆಲ್ಲ ಇದನ್ನು ಕಡ್ಡಾಯಗೊಳಿಸಿದೆ. ಮಗುವನ್ನು ಒಪ್ಪಿಸಿ ಹೋಗುವ ತಾಯಿಯ ಕಡೆಯಿಂದ ನೋಡಿದರೆ ಅದರ ಅರ್ಥವಾಗುತ್ತದೆ.

ಭರ್ತಿ ಮಾಡಿದ ಅರ್ಜಿಯನ್ನು ಜಾಹೀರಾತಿನಲ್ಲಿ ತಿಳಿಸಿದ ರೀತಿಯಲ್ಲಿ ಆಯಾ ಪ್ರದೇಶದ ಬಾಲವಿಕಾಸ ಯೋಜನಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕು. ಅರ್ಜಿ ಮರಾಠಿಯಲ್ಲಿರುತ್ತದೆ, ತಿಳಿಯದ ಅಂಕಣವನ್ನು ಊಹೆಯಿಂದ ತುಂಬುವುದಕ್ಕಿಂತ ನೆರೆಯವರನ್ನೋ ಕನ್ನಡ ಸಂಘದವರನ್ನೋ ಕೇಳುವುದು ಲೇಸು. ಮನೆಮಾತು ಕನ್ನಡವೆಂಬುದನ್ನೂ ಕನ್ನಡವನ್ನು ಓದಬರೆಯಬಲ್ಲೆನೆಂಬುದನ್ನೂ ಭಾಷೆಯ ಅಂಕಣದಲ್ಲಿ ಸ್ಪಷ್ಟವಾಗಿ ಬರೆದು, ಕನ್ನಡವನ್ನು ವಿಷಯವಾಗಿ ಓದಿದ ಅಂಕಪಟ್ಟಿಯನ್ನು ಲಗತ್ತಿಸಬೇಕು. ಇದನ್ನು ಹೇಳಿಕೊಳ್ಳಲು ಸಂಕೋಚಪಡುವವರಿದ್ದಾರೆ; ಈ ನಗರದಲ್ಲಿ ಅದೊಂದು ಕೊರತೆಯೆಂದು ಅವರಿಗೆ ಅನ್ನಿಸಿರುತ್ತದೆ. ಕೆಲಸ ಕೊಡಿಸುವೆನೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಬಿಡಿಕಾಸನ್ನೂ ಕೊಡತಕ್ಕದ್ದಲ್ಲ. ಅಂಕಗಳ ತಾತ್ಕಾಲಿಕ ಪಟ್ಟಿ ಪ್ರಕಟವಾದಾಗ ತನ್ನ ಹೆಸರಿನ ಮುಂದಿನ ಪ್ರತಿಯೊಂದು ಅಂಕವನ್ನೂ ಲೆಕ್ಕಹಾಕಿ ನೋಡಬೇಕು; ತಪ್ಪು ಕಂಡರೆ ನಿಗದಿಯಾದ ಅವಧಿಯೊಳಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬೇಕು. ಬಾಯಿಮಾತಿನ ಆಕ್ಷೇಪಣೆಗೆ ದಾಖಲೆ ಇರುವುದಿಲ್ಲ. ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಂಡು ಮನೆಯಲ್ಲಿ ಇರಿಸಿಕೊಂಡಿದ್ದರೆ ಅಂತಹ ಸಮಯದಲ್ಲಿ ಆ ಪ್ರತಿಯೇ ನೆರವಿಗೆ ಬರುತ್ತದೆ.