ಟ್ಯಾಬ್ ಲಿಪಿಯೂ ಮಾತ್ರೆಯ ಲೆಕ್ಕವೂ

ಪಾಠವೆಂಬುದು ಪಠ್ಯಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಮಕ್ಕಳು ಬಿಡುವಿನ ವೇಳೆಯಲ್ಲಿ ತಾವಾಗಿಯೇ ಕಲಿಯುವ ವಿದ್ಯೆಗಳಲ್ಲಿಯೂ ಪಾಠವಿದೆ. ನಮ್ಮ ಶಾಲೆಯ ಕೆಲವು ಹುಡುಗರಿಗೆ ಈಗ ಬೇಸ್ ಗಿಟಾರಿನಲ್ಲಿ ರಾಕ್ ಹಾಡುಗಳನ್ನು ನುಡಿಸುವ ಹುಮ್ಮಸ್ಸು ಬಂದಿದೆ. ನಾವು ಸಂಗೀತಶಾಸ್ತ್ರ ಬಲ್ಲವರಲ್ಲ, ಕನ್ನಡ ಕಲಿಸುವವರು. ಆದರೂ ಈ ವಿಷಯವನ್ನು ಬರೆಯಲು ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇವೆ.

ವಾದ್ಯದ ಪರಿಚಯ

ಹಾಡಿನ ತಳಹದಿಯ ಸ್ವರಗಳನ್ನು ನುಡಿಸುವ ವಾದ್ಯವೇ ಬೇಸ್ ಗಿಟಾರು. ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದಕ್ಕೆ ಮೆಟ್ಟುಗಳಿಲ್ಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮೆಟ್ಟುಗಳುಳ್ಳ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದರು. ಸ್ವರವು ನಿಖರವಾಗಿ ಬರುವುದರಿಂದ ಅದಕ್ಕೆ ‘ಪ್ರಿಸಿಷನ್ ಬೇಸ್’ ಎಂದು ಹೆಸರಾಯಿತು.

ಸಾಮಾನ್ಯವಾಗಿ ಇದಕ್ಕೆ ನಾಲ್ಕು ತಂತಿಗಳು. ದಪ್ಪ ತಂತಿಯಿಂದ ಮೊದಲಾಗಿ ಅವುಗಳ ಹೆಸರು ಇ, ಎ, ಡಿ, ಜಿ. ‘ಇ’ ತಂತಿಯನ್ನು ಬೆರಳಿಡದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ವೀಣೆಯಲ್ಲಿರುವಂತೆಯೇ ಇಲ್ಲಿಯೂ 12 ಮೆಟ್ಟು ಮೇಲೇರಿದರೆ ಒಂದು ಸ್ಥಾಯಿ ಪೂರ್ಣವಾಗುತ್ತದೆ.

ಲಿಪಿಯ ಕ್ರಮ

ಟ್ಯಾಬ್ಲೇಚರ್, ಚಿಕ್ಕದಾಗಿ ಟ್ಯಾಬ್, ಎಂಬುದು ಬೆರಳಿಗಾಗಿ ಇರುವ ಲಿಪಿ. ನಾಲ್ಕು ಗೆರೆಗಳೆಂದರೆ ನಾಲ್ಕು ತಂತಿಗಳು. ಮೇಲಿನ ಗೆರೆ ತೆಳು ತಂತಿ, ಕೆಳಗಿನದು ದಪ್ಪ ತಂತಿ. ಗೆರೆಯ ಮೇಲಿನ ಅಂಕಿಯು ಮೆಟ್ಟನ್ನು ಸೂಚಿಸುತ್ತದೆ. ಸೊನ್ನೆ ಎಂದರೆ ಬೆರಳಿಡದ ತಂತಿ. 3 ಎಂದಿದ್ದರೆ ಮೂರನೆಯ ಮೆಟ್ಟು ಎಂದರ್ಥವೇ ಹೊರತು ಮೂರನೆಯ ಬೆರಳೆಂದಾಗಲಿ ಮೂರು ಸಲವೆಂದಾಗಲಿ ಅಲ್ಲ. ಎಡಗೈ ಬೆರಳನ್ನು ಮೆಟ್ಟಿನ ಮೇಲೆಯೇ ಇಡದೆ ಅದರ ಒತ್ತಿಗೆ ಹಿಂಬದಿಯಲ್ಲಿ ಇಡಬೇಕು. ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳಿಂದ ಒಂದಾದ ಮೇಲೊಂದರಂತೆ ಮೀಟಬೇಕು.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆಯುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಈ ಲಿಪಿ ಒಂದು ಸಂಜೆಯ ಕೆಲಸ. ತೊಡಕಿರುವುದು ಬೇರೆಡೆಯಲ್ಲಿ.

ಲಿಪಿಯ ಕೊರತೆ

ಈ ಲಿಪಿ ಹೊಸದಲ್ಲ. 1507ರಲ್ಲಿಯೇ ವೆನಿಸ್ ನಗರದಲ್ಲಿ ಪೆಟ್ರೂಚಿ ಎಂಬ ಮುದ್ರಕನು ಲ್ಯೂಟ್ ವಾದ್ಯದ ಟ್ಯಾಬ್ ಪುಸ್ತಕಗಳನ್ನು ಅಚ್ಚು ಹಾಕಿದ್ದನು. ಆ ಬರಹದಲ್ಲಿ ಅಂಕಿಗಳ ಮೇಲೆ ಕಾಲವನ್ನು ತಿಳಿಸುವ ಗುರುತುಗಳಿದ್ದವು. ಆದರೆ ಇಂದು ಮಕ್ಕಳ ಕೈಗೆ ಸಿಗುವ ಸಾದಾ ಟ್ಯಾಬ್‌ಗಳಲ್ಲಿ ಹೆಚ್ಚಾಗಿ ಈ ಗುರುತುಗಳೇ ಇಲ್ಲ. ಎಲ್ಲಿ ಒತ್ತಬೇಕೆಂಬುದು ಅಲ್ಲಿದೆ. ಎಷ್ಟು ಹೊತ್ತು ನಿಲ್ಲಬೇಕೆಂಬುದು ಇಲ್ಲ.

ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ‘ಮನಿ’ ಎಂಬ ಹಾಡಿನ ಟ್ಯಾಬನ್ನು ಬಾಯಿಪಾಠ ಮಾಡಿದ್ದ. ಅದು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ 1973ರ ಹಾಡು. ಬೇಸ್ ನುಡಿಸಿದವರು ರೋಜರ್ ವಾಟರ್ಸ್. ಹುಡುಗ ಒಂದಂಕಿಯನ್ನೂ ತಪ್ಪಲಿಲ್ಲ. ಆದರೆ ವಾರ್ಷಿಕೋತ್ಸವದ ತಾಲೀಮಿನಲ್ಲಿ ಗೆಳೆಯನ ಡ್ರಮ್ಮಿಗೆ ಒಮ್ಮೆಯೂ ಜೊತೆಗೂಡಲಿಲ್ಲ. “ನನಗೆ ಸಂಗೀತ ಹತ್ತುವುದಿಲ್ಲ ಸಾರ್” ಎಂದು ಗಿಟಾರನ್ನು ಚೀಲಕ್ಕೆ ಹಾಕಿಬಿಟ್ಟ. ಓದಿಗೆ ತೊಂದರೆಯಾಗುತ್ತಿದೆಯೆಂದು ಮೊದಲೇ ಬೇಸರದಲ್ಲಿದ್ದ ಅವನ ತಂದೆಗೂ ಸಮಾಧಾನವಾಯಿತು.

ನಾವು ಆ ಹಾಡನ್ನು ಕೇಳಿ ಮೇಜಿನ ಮೇಲೆ ಬೆರಳು ತಟ್ಟಿ ನೋಡಿದೆವು. ಹೆಚ್ಚಿನ ರಾಕ್ ಹಾಡುಗಳ ಆವರ್ತ ನಾಲ್ಕು ಎಣಿಕೆಯದು. ಈ ಹಾಡಿನದು ಏಳು. ನಡುವೆ ಗಿಟಾರಿನ ಭಾಗದಲ್ಲಿ ಮಾತ್ರ ನಾಲ್ಕಕ್ಕೆ ತಿರುಗಿ, ಮತ್ತೆ ಏಳಕ್ಕೆ ಬರುತ್ತದೆ. ಹುಡುಗ ಉದ್ದಕ್ಕೂ ನಾಲ್ಕನ್ನೇ ಎಣಿಸುತ್ತಿದ್ದ.

ಏಳರ ಎಣಿಕೆ ಅವನಿಗೆ ಹೊಸದೇ? ಭಾಮಿನಿ ಷಟ್ಪದಿಯ ಗಣಗಳು ಮೂರು–ನಾಲ್ಕು, ಮೂರು–ನಾಲ್ಕು. ಕೂಡಿಸಿದರೆ ಏಳು ಮಾತ್ರೆ. ಪ್ರಸ್ತಾರ ಹಾಕುವುದರಲ್ಲಿ ಅವನು ಪೂರ್ಣಾಂಕ ಪಡೆದವನೇ. ಲಘು ಗುರುಗಳ ಚಿಹ್ನೆ ಹಾಕಿ ಗೆರೆ ಎಳೆಯುವುದನ್ನು ನಾವೇ ಕಲಿಸಿದ್ದೆವು. ಆದರೆ ಅದನ್ನು ಬಾಯಿಬಿಟ್ಟು ಹೇಳಿಸಿರಲಿಲ್ಲ, ಕೈತಟ್ಟಿಸಿರಲಿಲ್ಲ. ಮಾತ್ರೆಯೆಂದರೆ ಕಿವಿಗೆ ಕೇಳುವ ಕಾಲವೆಂದು ಅವನಿಗೆ ತಿಳಿಯದೆ ಹೋದುದು ನಮ್ಮ ಪಾಠದ ದೋಷ. ಹುಡುಗನ ಟ್ಯಾಬಿಗೂ ನಮ್ಮ ಪ್ರಸ್ತಾರಕ್ಕೂ ಒಂದೇ ಕೊರತೆಯಿತ್ತು.

ಮರುದಿನ ತರಗತಿಯಲ್ಲಿ ಎಲ್ಲರೂ ಭಾಮಿನಿಯನ್ನು ಕೈತಟ್ಟಿ ಹೇಳಿದೆವು. ಷಟ್ಪದಿಯ ಧಾಟಿ ಬೇರೆ, ರಾಕ್ ಹಾಡಿನ ಧಾಟಿ ಬೇರೆ. ಆದರೂ ಏಳು ಎಣಿಕೆ ಅವನ ಮೈಗೆ ಹತ್ತಿತು. ಎರಡು ವಾರಗಳಲ್ಲಿ ಡ್ರಮ್ಮೂ ಬೇಸೂ ಕೂಡಿಕೊಂಡವು.

ಅಭ್ಯಾಸ

ಕೆಳಗಿನದು ನಾವೇ ಬರೆದ ಏಳು ಎಣಿಕೆಯ ಸಾಲು. ಒಂದೊಂದು ಅಂಕಿಗೂ ಒಂದೊಂದು ಎಣಿಕೆ.

ಜಿ |-----------------------|
ಡಿ |-----------------------|
ಎ |-----------0--2--------|
ಇ |--0--0--3--------3--0--|

1. ವಾದ್ಯ ಮುಟ್ಟದೆ ‘ಒಂದು ಎರಡು ಮೂರು, ಒಂದು ಎರಡು ಮೂರು ನಾಲ್ಕು’ ಎಂದು ಹತ್ತು ಸಲ ಕೈತಟ್ಟಿರಿ.
2. ಅದೇ ಎಣಿಕೆಯಲ್ಲಿ ನಿಧಾನವಾಗಿ ನುಡಿಸಿರಿ. ಕೊನೆಯ ಅಂಕಿಯಿಂದ ಮೊದಲಿನದಕ್ಕೆ ನಿಲ್ಲದೆ ಬರಬೇಕು.
3. ಬೇರೆ ಹಾಡಿನ ಟ್ಯಾಬ್ ಸಿಕ್ಕಿದರೆ ಮೊದಲು ಹಾಡನ್ನು ಕೇಳಿರಿ. ಬಳಿಕ ನಮ್ಮ ಸ್ವರಲಿಪಿಯಲ್ಲಿರುವಂತೆ, ಸ್ವರವು ಮುಂದುವರಿಯುವ ಪ್ರತಿ ಎಣಿಕೆಗೂ ಅಂಕಿಯ ಮುಂದೆ ಒಂದು ಅಲ್ಪವಿರಾಮ ಹಾಕಿಕೊಳ್ಳಿರಿ.

ಹೆತ್ತವರಲ್ಲಿ ಒಂದು ಮಾತು: ಮಕ್ಕಳು ನುಡಿಸುವಾಗ ಒಮ್ಮೆ ಬಳಿಯಲ್ಲಿ ಕುಳಿತು ತಾಳ ಹಾಕಿರಿ. ಓದಿನ ಹೊತ್ತು ಓದಿಗೆ, ಇದಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು. ಅಂಕಿಯನ್ನು ಕಿವಿಯಿಂದ ಕೇಳಲು ಕಲಿತ ಮಗು ನಾಳೆ ಪದ್ಯವನ್ನೂ ಹಾಗೆಯೇ ಓದೀತು. ನಮ್ಮ ತರಗತಿಯಲ್ಲಂತೂ ಇನ್ನು ಮುಂದೆ ಕೈತಟ್ಟದೆ ಪ್ರಸ್ತಾರ ಹಾಕಿಸುವುದಿಲ್ಲ.